ಜೇನಲ್ಲದ ಜೇನುನೊಣ

ನನ್ನ ಮೊಬೈಲಿನಲ್ಲಿ ‘ಜೇನು’ ಎಂಬ ಹೆಸರಿನ ಒಂದು ಕಡತವಿದೆ. ನಾಲ್ಕೈದು ವರ್ಷಗಳಿಂದ ಹೂವಿನ ಮೇಲೆ ಜೇನುನೊಣ ಕಂಡಾಗಲೆಲ್ಲ ತೆಗೆದ ಚಿತ್ರಗಳು ಅದರೊಳಗಿವೆ. ಹಳದಿ ಹೂವು, ಅದರ ಮೇಲೆ ಕಂದು ಮೈಯ ಪುಟ್ಟ ಜೀವ, ಹಿಂದೆ ಮಸುಕಾದ ಹಸಿರು, ಇಷ್ಟು ಸಿಕ್ಕರೆ ನನಗೆ ಸಾಕಾಗುತ್ತಿತ್ತು. ಅವುಗಳಲ್ಲಿ ತುಂಬ ಮೆಚ್ಚಿಕೊಂಡಿದ್ದ ಒಂದು ಚಿತ್ರವನ್ನು ಗೆಳೆಯರೊಬ್ಬರಿಗೆ ತೋರಿಸಿದೆ. ಅವರು ಅದನ್ನು ಬೆರಳಿನಿಂದ ಹಿಗ್ಗಿಸಿ, ಕಣ್ಣು ಕಿರಿದು ಮಾಡಿ ನೋಡಿ, “ಚೆನ್ನಾಗಿ ಬಂದಿದೆ. ಆದರೆ ಇದು ಜೇನಲ್ಲ, ನೊಣ. ರೆಕ್ಕೆ ಎಣಿಸಿ ನೋಡಿ” ಎಂದರು.

ಎಣಿಸಿದೆ. ಎರಡೇ ಇದ್ದವು.

ಜೇನಿಗೆ ನಾಲ್ಕು ರೆಕ್ಕೆ. ನೊಣಕ್ಕೆ ಎರಡು. ಶಾಲೆಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆ ರಾತ್ರಿ ಕಡತವನ್ನು ಮೊದಲಿನಿಂದ ತೆರೆದು ಒಂದೊಂದೇ ಚಿತ್ರವನ್ನು ಹಿಗ್ಗಿಸುತ್ತಾ ಹೋದೆ. ಹೆಚ್ಚು ಕಡಿಮೆ ಮೂರರಲ್ಲೊಂದು ಜೇನೇ ಆಗಿರಲಿಲ್ಲ. ಕೆಲಸವಿಲ್ಲದವನನ್ನು ‘ನೊಣ ಹೊಡೆಯುತ್ತಾ ಕುಳಿತಿದ್ದಾನೆ’ ಎನ್ನುತ್ತೇವೆ. ನಾನು ನೊಣ ಎಣಿಸುತ್ತಾ ಕುಳಿತಿದ್ದೆ. ಮೊದಲು ಅವಮಾನವಾಯಿತು, ಆಮೇಲೆ ಕುತೂಹಲ. ಇಷ್ಟು ವರ್ಷ ನನ್ನನ್ನು ಹೀಗೆ ಯಾಮಾರಿಸಿದ್ದು ಯಾವ ನೊಣ?

ನನ್ನ ತಪ್ಪಿನಲ್ಲಿ ಭಾಷೆಗೂ ಒಂದು ಪಾಲಿದೆ ಎಂದು ಬೇಕಿದ್ದರೆ ಜಗಳಕ್ಕೆ ನಿಲ್ಲಬಹುದು. ಕನ್ನಡದಲ್ಲಿ ಜೇನನ್ನು ಕರೆಯುವುದೇ ಜೇನುನೊಣ ಎಂದು. ಆದರೆ ಕೀಟಶಾಸ್ತ್ರದ ಲೆಕ್ಕದಲ್ಲಿ ಜೇನು ಇರುವೆ ಮತ್ತು ಕಣಜಗಳ ನೆಂಟ, ನೊಣ ಸೊಳ್ಳೆಯ ನೆಂಟ. ಈ ಎರಡು ವಂಶಗಳು ಬೇರೆಯಾಗಿ ಮೂವತ್ತು ಕೋಟಿ ವರ್ಷಗಳ ಮೇಲಾಯಿತು. ನಮ್ಮ ಮಾತು ಅದನ್ನು ಲೆಕ್ಕಿಸದೆ, ಹಾರುವ, ಗುಂಯ್‌ಗುಡುವ, ಬೆರಳ ತುದಿಯಷ್ಟಿರುವ ಎಲ್ಲವನ್ನೂ ನೊಣವೆಂದು ಒಂದೇ ಪಂಕ್ತಿಯಲ್ಲಿ ಕೂರಿಸಿತು. ನನಗೇನೂ ಆಕ್ಷೇಪವಿಲ್ಲ. ಆದರೆ ಶಬ್ದವನ್ನು ಬಿಡಿಸಿ ನೋಡಿದರೆ, ‘ಜೇನುನೊಣ’ ಎಂಬ ಹೆಸರಿಗೆ ನಿಜವಾದ ಹಕ್ಕುದಾರ ಜೇನಲ್ಲ. ಜೇನಿನಂತೆ ಕಾಣುವ, ಹುಟ್ಟಿನಿಂದ ನೊಣವೇ ಆಗಿರುವ ಈ ಪ್ರಾಣಿ. ಇಂಗ್ಲಿಷಿನಲ್ಲಿ ಇದನ್ನು ಡ್ರೋನ್ ಫ್ಲೈ ಎನ್ನುತ್ತಾರೆ. ಡ್ರೋನ್ ಎಂದರೆ ಗಂಡು ಜೇನು. ಗಂಡು ಜೇನಿಗೂ ಕೊಂಡಿ ಇರುವುದಿಲ್ಲ, ಅದರ ದೊಡ್ಡ ಕಣ್ಣುಗಳೂ ನೆತ್ತಿಯಲ್ಲಿ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಆ ಹೆಸರಿಟ್ಟವರು ಯಾರೋ, ಸರಿಯಾಗಿ ನೋಡಿಯೇ ಇಟ್ಟಿದ್ದಾರೆ.

ಶಾಸ್ತ್ರದ ಹೆಸರು ಎರಿಸ್ಟಾಲಿಸ್ ಟೆನಾಕ್ಸ್. ಹೂನೊಣಗಳ ಕುಟುಂಬಕ್ಕೆ ಸೇರಿದ್ದು. ಗಾಳಿಯಲ್ಲಿ ಒಂದೇ ಕಡೆ, ಕಾಣದ ದಾರಕ್ಕೆ ತೂಗುಹಾಕಿದಂತೆ ನಿಂತು, ಕಣ್ಣು ಮಿಟುಕಿಸುವಷ್ಟರಲ್ಲಿ ಪಕ್ಕಕ್ಕೆ ಜಿಗಿದು ಮತ್ತೆ ಸ್ತಬ್ಧವಾಗುವ ನೊಣಗಳನ್ನು ನೀವು ನೋಡಿರುತ್ತೀರಿ. ಜೇನು ಹಾಗೆ ನಿಲ್ಲುವುದಿಲ್ಲ. ನಿಂತಲ್ಲೇ ನಿಲ್ಲುವ ಆ ಶಕ್ತಿ ನೊಣಕ್ಕೆ ಬಂದದ್ದು ಅದು ಕಳೆದುಕೊಂಡ ರೆಕ್ಕೆಗಳಿಂದ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಹಿಂದಿನ ಜೋಡಿ ರೆಕ್ಕೆಗಳು ಸವೆದು ಗುಂಡುತಲೆಯ ಎರಡು ಪುಟ್ಟ ಕಡ್ಡಿಗಳಾಗಿವೆ. ಹಾರುವಾಗ ಅವು ರೆಕ್ಕೆಗಳ ತಾಳಕ್ಕೆ ತಕ್ಕಂತೆ ಬಡಿಯುತ್ತಾ, ಮೈ ಎತ್ತ ವಾಲಿತು, ಎಷ್ಟು ತಿರುಗಿತು ಎಂಬುದನ್ನು ಕ್ಷಣಕ್ಷಣವೂ ತಿಳಿಸುತ್ತವೆ. ವಿಮಾನದ ವಾಲುವಿಕೆಯನ್ನು ತಿಳಿಸುವ ತಿರುಗಣಿ ಯಂತ್ರವೊಂದನ್ನು ಬೆನ್ನಿಗೆ ಕಟ್ಟಿಕೊಂಡಂತೆ.

ಇದಕ್ಕೆ ಮೊದಲು ಶಾಸ್ತ್ರೀಯ ಹೆಸರು ಕೊಟ್ಟವನು ಸ್ವೀಡನ್ನಿನ ಜೀವವಿಜ್ಞಾನಿ ಕಾರ್ಲ್ ಲಿನೇಯಸ್. 1758ರಲ್ಲಿ ಬಂದ ಸಿಸ್ಟೆಮಾ ನಾಟುರೇಯ ಹತ್ತನೆಯ ಆವೃತ್ತಿಯಲ್ಲಿ ಇದರ ಹೆಸರು ಮುಸ್ಕಾ ಟೆನಾಕ್ಸ್. ಮುಸ್ಕಾ ಎಂದರೆ ಲ್ಯಾಟಿನ್ನಿನಲ್ಲಿ ನೊಣ. ಮನೆಯಲ್ಲಿ ಹಾರುವ ನೊಣವೂ ಅದೇ ಗ್ರಂಥದಲ್ಲಿ ಮುಸ್ಕಾ ಡೊಮೆಸ್ಟಿಕಾ. ಟೆನಾಕ್ಸ್ ಎಂದರೆ ಬಿಗಿಹಿಡಿತದ್ದು, ಪಟ್ಟು ಬಿಡದ್ದು. ನಮ್ಮ ಭಾಷೆಯಂತೆ ಲಿನೇಯಸ್ ಕೂಡ ಬಹಳಷ್ಟು ನೊಣಗಳನ್ನು ಒಂದೇ ಡಬ್ಬಿಗೆ ಹಾಕಿದ್ದ, ಆದರೆ ಜೇನನ್ನು ಆ ಡಬ್ಬಿಯೊಳಕ್ಕೆ ಬಿಡಲಿಲ್ಲ. ಅವನೂ ರೆಕ್ಕೆ ಎಣಿಸಿದ್ದ.

ಡಬ್ಬಿ ಒಡೆದು ಬೇರೆ ಬೇರೆ ಮಾಡುವ ಕೆಲಸ ಮುಂದಿನವರದ್ದಾಯಿತು. ಫ್ರಾನ್ಸಿನ ಪಿಯರ್ ಆಂದ್ರೆ ಲಾತ್ರೇಯ್ 1802ರಲ್ಲಿ ಹೂನೊಣಗಳಿಗೆ ಸಿರ್ಫಿಡೇ ಎಂಬ ಕುಟುಂಬವನ್ನೂ 1804ರಲ್ಲಿ ಎರಿಸ್ಟಾಲಿಸ್ ಎಂಬ ಕುಲವನ್ನೂ ಕಟ್ಟಿದ. ಈ ಲಾತ್ರೇಯ್ ಪಾದ್ರಿಯಾಗಿದ್ದವನು. ಫ್ರೆಂಚ್ ಕ್ರಾಂತಿಯ ದಿನಗಳಲ್ಲಿ ಅವನನ್ನು ಸೆರೆಮನೆಗೆ ಹಾಕಿದ್ದರು. ಸೆರೆಕೋಣೆಯ ನೆಲದಲ್ಲಿ ಅವನಿಗೊಂದು ಅಪರೂಪದ ಜೀರುಂಡೆ ಕಣ್ಣಿಗೆ ಬಿತ್ತು. ಅಂಥ ಸ್ಥಿತಿಯಲ್ಲೂ ಜೀರುಂಡೆಯ ಮೇಲೆ ಕಣ್ಣಿಟ್ಟ ಈ ಕೈದಿ ಯಾರು ಎಂಬ ಸುದ್ದಿ ಹೊರಗಿನ ಕೀಟಾಸಕ್ತರಿಗೆ ಮುಟ್ಟಿ, ಅವರ ಪ್ರಯತ್ನದಿಂದ ಅವನು ಬಿಡುಗಡೆಯಾದ. ಜೀರುಂಡೆಯೊಂದು ಜೀವ ಉಳಿಸಿದ ಮನುಷ್ಯ ಉಳಿದ ಆಯಸ್ಸನ್ನು ಕೀಟಗಳನ್ನು ಒಪ್ಪವಾಗಿ ಜೋಡಿಸುವುದರಲ್ಲಿ ಕಳೆದ.

ಇಂದಿನ ಲೆಕ್ಕದಲ್ಲಿ ಹೂನೊಣಗಳ ಪ್ರಭೇದಗಳು ಆರು ಸಾವಿರಕ್ಕೂ ಹೆಚ್ಚು. ಬಹಳ ಕಾಲ ಅವುಗಳನ್ನು ಮೂರು ಉಪಕುಟುಂಬಗಳಾಗಿ ಹಂಚಿದ್ದರು. ಹಾಗೆ ಹಂಚುವಾಗ ಹೂವಿನ ಮೇಲೆ ಕುಳಿತ ನೊಣಕ್ಕಿಂತ ಅದರ ಮರಿಹುಳುವಿನ ಬದುಕು ಹೆಚ್ಚು ಸುಳಿವು ಕೊಡುತ್ತದೆ. ಸಿರ್ಫಿನೇ ಗುಂಪಿನ ಹುಳುಗಳಲ್ಲಿ ಹೆಚ್ಚಿನವು ಸಸ್ಯಹೇನುಗಳನ್ನು ಹಿಡಿದು ಹೀರುವ ಬೇಟೆಗಾರರು. ಮೈಕ್ರೊಡಾಂಟಿನೇ ಗುಂಪಿನವು ಇರುವೆ ಗೂಡಿನೊಳಗೆ ಬೆಳೆಯುತ್ತವೆ. ಚಪ್ಪಟೆಯಾಗಿ, ಕಾಲಿಲ್ಲದೆ ತೆವಳುವ ಅವುಗಳನ್ನು ನೋಡಿ 1820ರ ದಶಕದಲ್ಲಿ ಪಂಡಿತರೇ ಬಸವನಹುಳುವಿನ ಬಳಗದ ಹೊಸ ಪ್ರಾಣಿಯೆಂದು ಹೆಸರಿಟ್ಟಿದ್ದರು. ಇದನ್ನು ಓದಿದ ಮೇಲೆ ನನ್ನ ‘ಜೇನು’ ಕಡತದ ಬಗ್ಗೆ ನಾಚಿಕೆ ಅರ್ಧ ಇಳಿಯಿತು. ಮೂರನೆಯದು ಎರಿಸ್ಟಾಲಿನೇ. ನಮ್ಮ ನೊಣ ಇರುವುದು ಇಲ್ಲಿ. ಕೊಳೆನೀರಿನಲ್ಲಿ ಬೆಳೆಯುವವು, ಕೊಳೆತ ಮರದಲ್ಲಿ ಬೆಳೆಯುವವು, ಗಿಡದ ಗೆಡ್ಡೆ ಕೊರೆಯುವವು, ಹೀಗೆ ಉಳಿದೆರಡಕ್ಕೆ ಹೊಂದದ್ದನ್ನೆಲ್ಲ ತುಂಬಿದ ಮೂಲೆಕೋಣೆಯಂತಿದೆ ಅದು. ವಂಶವಾಹಿಗಳನ್ನು ಓದಲು ಕಲಿತ ಮೇಲೆ ಈ ಕೋಣೆಯ ಗೋಡೆಗಳು ಅಲುಗಾಡಿವೆ: ಇಲ್ಲಿ ಕೂಡಿಹಾಕಿದವೆಲ್ಲ ಒಂದೇ ತಾಯಿಯ ಮಕ್ಕಳಲ್ಲ ಎಂದು ಗೊತ್ತಾಗಿದೆ. ಪಿಪಿಜಿನೇ ಎಂಬ ನಾಲ್ಕನೆಯ ಉಪಕುಟುಂಬವನ್ನು ಈಗಾಗಲೇ ಬೇರೆ ಮಾಡಿದ್ದಾರೆ. ನನ್ನ ಅಂದಾಜಿನಲ್ಲಿ ಪಾಲು ಪಟ್ಟಿ ಇಲ್ಲಿಗೆ ಮುಗಿಯುವುದಿಲ್ಲ.

ಆದರೆ ನನಗೆ ಬೇಕಾಗಿದ್ದದ್ದು ನನ್ನ ಚಿತ್ರದ ನೊಣ ಯಾವುದೆಂದು. ಹೂನೊಣವೆಂದು ತಿಳಿಯಲು ರೆಕ್ಕೆಯ ನಡುವೆ ಒಂದು ಸುಳ್ಳುನರವನ್ನು ಹುಡುಕಬೇಕು. ಎಲ್ಲಿಂದಲೂ ಹೊರಡದೆ, ಎಲ್ಲಿಗೂ ಸೇರದೆ, ನರದಂತೆ ನಟಿಸುವ ಒಂದು ಮಡಿಕೆ ಅದು. ಎರಿಸ್ಟಾಲಿಸ್ ಎನ್ನಲು ಇನ್ನೊಂದು ಗುರುತು: ರೆಕ್ಕೆಯ ತುದಿಯತ್ತ ಹೋಗುವ ಒಂದು ನರ ನೆಟ್ಟಗೆ ಹೋಗದೆ ಕೆಳಕ್ಕೆ ಜೋಲಿ, ಹಗ್ಗ ಸಡಿಲವಾದ ಉಯ್ಯಾಲೆಯಂತೆ ಬಾಗಿರುತ್ತದೆ. ಇವೆರಡೂ ನನ್ನ ಚಿತ್ರದಲ್ಲಿ ಚೊಕ್ಕವಾಗಿ ಕಂಡವು. ಅಲ್ಲಿಂದ ಮುಂದೆ ಕಷ್ಟ. ಹೊಟ್ಟೆಯ ಮೇಲಿನ ಕಿತ್ತಳೆ ಬಣ್ಣದ ಮಚ್ಚೆಗಳನ್ನು ನೋಡಿ ಪ್ರಭೇದ ಹೇಳೋಣವೆಂದರೆ ಅವು ನಂಬಿಗಸ್ತವಲ್ಲ. ಹುಳು ನೊಣವಾಗುವ ಮುನ್ನ ಕೋಶದೊಳಗೆ ಇದ್ದ ದಿನಗಳು ತಣ್ಣಗಿದ್ದರೆ ನೊಣ ಕಪ್ಪಾಗಿ ಹೊರಬರುತ್ತದೆ, ಬೆಚ್ಚಗಿದ್ದರೆ ಕಿತ್ತಳೆ ಹರಡಿಕೊಳ್ಳುತ್ತದೆ. ಒಂದೇ ತಾಯಿಯ ಮೊಟ್ಟೆಗಳು ಋತು ಬದಲಾದರೆ ಬೇರೆ ಬೇರೆ ಬಟ್ಟೆ ತೊಟ್ಟು ಬರುತ್ತವೆ. ಟೆನಾಕ್ಸ್‌ನ ಖಚಿತ ಗುರುತು ಇರುವುದು ಕಣ್ಣಿನಲ್ಲಿ. ಕಣ್ಣಿನ ಮೇಲೆಯೇ ಕೂದಲು ಬೆಳೆದಿರುತ್ತದೆ, ಆ ಕೂದಲು ಮೇಲಿಂದ ಕೆಳಕ್ಕೆ ಎರಡು ಕಪ್ಪು ಪಟ್ಟೆಗಳಾಗಿ ದಟ್ಟೈಸಿರುತ್ತದೆ. ಹಿಂಗಾಲಿನ ಮೊಣಕಾಲಿನ ಕೆಳಭಾಗ ಬಾಗಿ, ದಪ್ಪಗಾಗಿ, ಕೂದಲಿನಿಂದ ತುಂಬಿರುವುದು ಇನ್ನೊಂದು ಗುರುತು. ಹಾರುವಾಗ ಜೋತುಬಿದ್ದ ಆ ಕಾಲನ್ನು ನೋಡಿದರೆ ಪರಾಗದ ಮೂಟೆ ಹೊತ್ತ ಜೇನಿನ ಕಾಲೇ ನೆನಪಾಗುತ್ತದೆ.

ವೇಷ ಅಷ್ಟಕ್ಕೇ ನಿಲ್ಲುವುದಿಲ್ಲ. ಹೂವಿನಿಂದ ಹೂವಿಗೆ ಹೋಗುವ ಗತ್ತು, ಒಂದೊಂದು ಹೂವಿನ ಮೇಲೆ ಕಳೆಯುವ ಹೊತ್ತು, ಇವೂ ಉಳಿದ ನೊಣಗಳಿಗಿಂತ ಜೇನಿಗೇ ಹತ್ತಿರ. ಗೋಮುಖವ್ಯಾಘ್ರ ಎಂಬ ಮಾತನ್ನು ನಾವು ಎಷ್ಟು ಸಲ ಬಳಸಿಲ್ಲ! ಇದು ಅದರ ತಿರುಗುಮುರುಗು, ಹುಲಿಯ ಮುಖ ಹೊತ್ತ ಹಸು. ಕೊಂಡಿಯಿಲ್ಲ, ವಿಷವಿಲ್ಲ, ಕಚ್ಚಲೂ ಬಾರದು. ಈ ಬಗೆಯ ಹುಸಿವೇಷವನ್ನು ಅಮೆಜಾನ್ ಕಾಡಿನ ಚಿಟ್ಟೆಗಳಲ್ಲಿ ಕಂಡು 1862ರಲ್ಲಿ ವಿವರಿಸಿದವನು ಇಂಗ್ಲೆಂಡಿನ ಪ್ರಕೃತಿಶಾಸ್ತ್ರಜ್ಞ ಹೆನ್ರಿ ಬೇಟ್ಸ್. ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು 1960ರ ದಶಕದಲ್ಲಿ ಎರಿಸ್ಟಾಲಿಸ್ ನೊಣಗಳನ್ನೇ ನೆಲಗಪ್ಪೆಗಳ ಮುಂದಿಟ್ಟು ನೋಡಿದರು. ಜೇನನ್ನು ನುಂಗಲು ಹೋಗಿ ಕುಟುಕಿಸಿಕೊಂಡ ಕಪ್ಪೆಗಳು ಆಮೇಲೆ ಈ ನೊಣಗಳನ್ನೂ ಮುಟ್ಟದೆ ಬಿಡತೊಡಗಿದವು. ಜೇನಿನ ರುಚಿ ಗೊತ್ತಿರದ ಕಪ್ಪೆಗಳು ನೊಣವನ್ನು ನಿಶ್ಚಿಂತೆಯಿಂದ ತಿಂದವು. ವೇಷ ಫಲಿಸುವುದು ನೋಡುವವನ ಹಳೆಯ ಗಾಯದ ಮೇಲೆ. ಬಾಲ್ಯದಲ್ಲಿ ಹುಬ್ಬಿನ ಮೇಲೆ ಜೇನು ಕಚ್ಚಿಸಿಕೊಂಡು ಎರಡು ದಿನ ಒಂದೇ ಕಣ್ಣಿನಲ್ಲಿ ಓಡಾಡಿದ ನನಗೆ ಆ ಕಪ್ಪೆಗಳ ಮೇಲೆ ತುಂಬ ಸಹಾನುಭೂತಿ ಇದೆ.

ಕಪ್ಪೆಗಳೇನೋ ಸರಿ, ಆದರೆ ಈ ನೊಣ ಯಾಮಾರಿಸಿದವರಲ್ಲಿ ಮಹಾಕವಿಗಳೂ ಇದ್ದಾರೆ. ರೋಮಿನ ವರ್ಜಿಲ್ ಕ್ರಿ.ಪೂ. 29ರ ಹೊತ್ತಿಗೆ ಮುಗಿಸಿದ ಬೇಸಾಯದ ಕಾವ್ಯದ ನಾಲ್ಕನೆಯ ಭಾಗದಲ್ಲಿ, ಜೇನು ಸಂಪೂರ್ಣ ನಾಶವಾದರೆ ಮತ್ತೆ ಪಡೆಯುವುದು ಹೇಗೆಂದು ಒಂದು ವಿಧಾನವಿದೆ. ನಾಲ್ಕು ಕಿಟಕಿಗಳ ಇಕ್ಕಟ್ಟಾದ ಕೋಣೆ ಕಟ್ಟಬೇಕು. ಎರಡು ವರ್ಷದ ಹೋರಿಯನ್ನು ಮೂಗು ಬಾಯಿ ಮುಚ್ಚಿ, ಚರ್ಮ ಹರಿಯದಂತೆ ಬಡಿದು ಕೊಲ್ಲಬೇಕು. ಮೈ ಕೆಳಗೆ ಸೊಪ್ಪು ಸದೆ ಹಾಕಿ ಮುಚ್ಚಿಟ್ಟರೆ, ಕೊಳೆತ ದೇಹದಿಂದ ಜೇನಿನ ಹಿಂಡು ಎದ್ದು ಬರುತ್ತದೆ. ಓದುತ್ತಿದ್ದರೆ ಹೊಟ್ಟೆ ತೊಳಸುತ್ತದೆ, ಆದರೆ ಅದು ಬರೀ ಕವಿಕಲ್ಪನೆಯಾಗಿರಲಿಲ್ಲ. ಎತ್ತಿನಿಂದ ಜೇನು ಹುಟ್ಟುತ್ತದೆ ಎಂಬ ನಂಬಿಕೆ ಪ್ರಾಚೀನ ಮೆಡಿಟರೇನಿಯನ್ ನಾಡುಗಳಲ್ಲಿ ಹಬ್ಬಿತ್ತು, ಅದಕ್ಕೆ ಬುಗೋನಿಯಾ ಎಂಬ ಗ್ರೀಕ್ ಹೆಸರೂ ಇತ್ತು. ಬೈಬಲ್ಲಿನಲ್ಲಿ ಸಂಸೋನನು ತಾನು ಕೊಂದ ಸಿಂಹದ ಹೆಣದಲ್ಲಿ ಜೇನು ಮತ್ತು ಜೇನುತುಪ್ಪ ಕಂಡು ಒಗಟು ಕಟ್ಟುತ್ತಾನೆ.

ಈ ನಂಬಿಕೆಯ ಮೂಲದಲ್ಲಿ ಇದ್ದದ್ದು ಎರಿಸ್ಟಾಲಿಸ್ ಟೆನಾಕ್ಸ್ ಎಂದು 1894ರಲ್ಲಿ ಒಂದು ಇಡೀ ಪ್ರಬಂಧ ಬರೆದವನು ಓಸ್ಟನ್ ಸ್ಯಾಕನ್. ರಷ್ಯಾದ ರಾಜತಾಂತ್ರಿಕ, ನ್ಯೂಯಾರ್ಕಿನಲ್ಲಿ ತನ್ನ ದೇಶದ ಕಾನ್ಸಲ್ ಜನರಲ್ ಆಗಿದ್ದವನು, ಮನಸ್ಸು ಮಾತ್ರ ಸದಾ ನೊಣಗಳಲ್ಲಿ. ಅವನ ವಾದ ಸರಳ. ಜೇನು ಹೆಣದಲ್ಲಿ ಮೊಟ್ಟೆ ಇಡುವುದಿಲ್ಲ. ಈ ನೊಣ ಕೊಳೆತು ನೀರಾದ ಹೆಣದಲ್ಲಿಯೂ ಇಡುತ್ತದೆ. ವಾರಗಳ ಬಳಿಕ ಹೆಣದ ಬಳಿ ಗುಂಯ್‌ಗುಟ್ಟುತ್ತಾ ಎದ್ದವುಗಳನ್ನು ಜನ ಜೇನೆಂದುಕೊಂಡರು, ಯಾರೂ ರೆಕ್ಕೆ ಎಣಿಸಲಿಲ್ಲ. ಈ ವಾದ ನನಗೆ ಬಹುಮಟ್ಟಿಗೆ ಒಪ್ಪಿಗೆ, ಆದರೆ ಸಂಸೋನನ ಕತೆಗೆ ಅದು ಪೂರ್ತಿ ಹೊಂದುವುದಿಲ್ಲ. ನೊಣದಿಂದ ತುಪ್ಪ ಬರುವುದಿಲ್ಲವಲ್ಲ! ಅವನು ಅಂಗೈಯಲ್ಲಿ ತೆಗೆದುಕೊಂಡು ತಿನ್ನುತ್ತಾ ಹೋದದ್ದೇನು? ಒಣಗಿ ಗೂಡಾದ ಎಲುಬಿನ ಹಂದರದಲ್ಲಿ ನಿಜವಾದ ಜೇನೇ ಮನೆ ಮಾಡಿರಬಹುದು ಎಂದು ಬೇರೆಯವರು ಹೇಳುವುದು ಅಲ್ಲಿಗೆ ಹೆಚ್ಚು ಸರಿ.

ನದೀಮೂಲ, ಋಷಿಮೂಲ ಹುಡುಕಬಾರದು ಎನ್ನುತ್ತಾರೆ. ಈ ನೊಣದ ಮೂಲವನ್ನೂ ಆ ಪಟ್ಟಿಗೆ ಸೇರಿಸಬಹುದು, ಆದರೆ ನಾನು ಹುಡುಕಿದೆ. ಕೊಟ್ಟಿಗೆಯಿಂದ ಹರಿದು ನಿಂತ ಸಗಣಿನೀರು, ಚರಂಡಿ, ಎಲೆ ಕೊಳೆತ ಹೊಂಡ, ಇಂಥ ಕಡೆ ಇದರ ಹುಳು ಇರುತ್ತದೆ. ಬಿಳುಪು ಬೂದು ಬಣ್ಣದ, ಬೆರಳಿನ ಗೆಣ್ಣಿನಷ್ಟು ಉದ್ದದ ಮೈ. ಹಿಂದೆ ಇಲಿಯ ಬಾಲದಂಥ ಒಂದು ಕೊಳವೆ. ಇಲಿಬಾಲದ ಹುಳು ಎಂದೇ ಯೂರೋಪಿನ ಭಾಷೆಗಳಲ್ಲಿ ಇದರ ಹೆಸರು. ಆ ಬಾಲ ಹುಳುವಿನ ಮೂಗು. ದೂರದರ್ಶಕದ ಕೊಳವೆಯಂತೆ ಒಂದರೊಳಗೊಂದು ಸೇರುವ ಅದನ್ನು ಮೈಯುದ್ದದ ಹಲವು ಪಟ್ಟು ಚಾಚಿ, ತುದಿಯನ್ನು ನೀರಿನ ಮೇಲಿಟ್ಟು ಉಸಿರಾಡುತ್ತಾ ತಳದಲ್ಲಿ ನೆಮ್ಮದಿಯಾಗಿ ಮೇಯುತ್ತದೆ. ಆಮ್ಲಜನಕವೇ ಇಲ್ಲದ, ಮೀನೂ ಬದುಕದ ನೀರು ಇದಕ್ಕೆ ಅನ್ನದ ಬಟ್ಟಲು. ಕೊಳೆಯನ್ನು ಮುರಿಯುವ ಬ್ಯಾಕ್ಟೀರಿಯಾಗಳನ್ನು ಸೋಸಿ ತಿನ್ನುತ್ತದೆ. ಬ್ಯಾಕ್ಟೀರಿಯಾ ತುಂಬಿದಲ್ಲಿ ಬದುಕಿಯೂ ಅದರ ಚರ್ಮದ ಮೇಲೆ ಅವು ನೆಲೆಯೂರದಿರುವುದು ಹೇಗೆಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಮೈತುಂಬ ಅತಿಸೂಕ್ಷ್ಮ ಕಂಬಗಳ ಕಾಡೇ ಕಂಡಿತು ಎಂದು 2016ರಲ್ಲಿ ಪ್ರಕಟವಾಯಿತು. ಬೆಳೆದ ಮೇಲೆ ಒಣನೆಲಕ್ಕೆ ತೆವಳಿ, ಬಾಲ ಸಮೇತ ಕೋಶ ಕಟ್ಟಿ, ಹೊರಬಂದದ್ದೇ ತಡ ಹೂವು ಹುಡುಕಿಕೊಂಡು ಹೊರಡುತ್ತದೆ. ಆಗತಾನೆ ಹೊರಬಂದ ನೊಣಕ್ಕೂ ಹಳದಿ ಬಣ್ಣ ತೋರಿಸಿದರೆ ಸಾಕು, ತಾನಾಗಿ ನಾಲಗೆ ಚಾಚುತ್ತದೆ, ಯಾರೂ ಕಲಿಸಬೇಕಿಲ್ಲ. ಕೆಸರಿನಲ್ಲಿ ಕಮಲ ಎಂಬ ಹೋಲಿಕೆ ಇಲ್ಲಿ ನಾಲಗೆಯ ತುದಿಗೆ ಬರುತ್ತದೆ. ಆದರೆ ಕಮಲ ಕೆಸರು ಬಿಟ್ಟು ಕದಲುವುದಿಲ್ಲ. ಇದು ಹೂವುಗಳ ನಡುವೆ ಓಡಾಡಿ ಪರಾಗ ಹಂಚಿ, ಮೊಟ್ಟೆ ಇಡಲು ಮತ್ತೆ ಚರಂಡಿಗೆ ಬರುತ್ತದೆ, ಸ್ವಲ್ಪವೂ ಸಂಕೋಚವಿಲ್ಲದೆ.

ಭೂಪಟದಲ್ಲಿ ಇದು ಎಲ್ಲೆಲ್ಲಿದೆ ಎಂದು ನೋಡಲು ಹೊರಟಾಗ ನನಗೆ ಹೊಳೆದದ್ದು ಈ ಚರಂಡಿಯೇ. ಅಂಟಾರ್ಕ್ಟಿಕ ಬಿಟ್ಟು ಎಲ್ಲ ಖಂಡಗಳಲ್ಲೂ ಈ ನೊಣ ಇದೆ. ಹೂನೊಣಗಳಲ್ಲೇ ಇಷ್ಟು ಅಗಲವಾಗಿ ಹರಡಿದ ಇನ್ನೊಂದು ಪ್ರಭೇದವಿಲ್ಲ. ಮೂಲನೆಲೆ ಯೂರೋಪ್ ಮತ್ತು ಏಷ್ಯಾದ ಸಮಶೀತೋಷ್ಣ ಭಾಗ. ಉತ್ತರ ಅಮೆರಿಕದಲ್ಲಿ ಇದು ಕಣ್ಣಿಗೆ ಬೀಳತೊಡಗಿದ್ದು 1870ರ ದಶಕದಲ್ಲಿ. ಆ ಆಗಮನವನ್ನು ಗಮನಿಸಿ ಬರೆದಿಟ್ಟವನೂ ಅದೇ ಓಸ್ಟನ್ ಸ್ಯಾಕನ್. ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೂ ಅದು ಮುಟ್ಟಿದೆ. ಹೋಲಿಕೆಗೆ, ಯೂರೋಪಿನ ಹೂತೋಟಗಳಲ್ಲಿ ಅತಿ ಸಾಮಾನ್ಯವಾದ ಇನ್ನೊಂದು ಹೂನೊಣ ಎಪಿಸಿರ್ಫಸ್ ಬಾಲ್ಟಿಯಾಟಸ್ ಅನ್ನು ತೆಗೆದುಕೊಳ್ಳಿ. ವಲಸೆ ಹಾರಾಟದಲ್ಲಿ ಅದು ಯಾರಿಗೂ ಕಡಿಮೆಯಿಲ್ಲ. ಆದರೂ ಅಮೆರಿಕದಲ್ಲಿ ನೆಲೆಸಿಲ್ಲ. ಅದರ ಹುಳುವಿಗೆ ಸಸ್ಯಹೇನು ಬೇಕು. ಟೆನಾಕ್ಸ್‌ನ ಹುಳುವಿಗೆ ಬೇಕಾದದ್ದು ಗಲೀಜು ನೀರು. ದನಕರು, ಗೊಬ್ಬರ, ನೀರಿನ ಪೀಪಾಯಿ, ಮಣ್ಣುತುಂಬಿದ ಗಿಡಗಳ ಸಮೇತ ಜನ ಹಡಗು ಹತ್ತಿದಲ್ಲೆಲ್ಲ ಅದರ ತೊಟ್ಟಿಲೂ ಜೊತೆಗೇ ಹೊರಟಿತು ಎಂದು ನಾನು ಊಹಿಸಿಕೊಳ್ಳುತ್ತೇನೆ. ಜೇನುಗೂಡುಗಳನ್ನು ಮನುಷ್ಯ ಬೇಕೆಂದೇ ಹೊತ್ತೊಯ್ದ. ಅದರ ವೇಷಧಾರಿಯನ್ನು ಹೊತ್ತದ್ದು ಅವನಿಗೆ ತಿಳಿಯಲಿಲ್ಲ.

ರೆಕ್ಕೆಯ ಬಲವೂ ಕಡಿಮೆಯೇನಲ್ಲ. ಚಳಿಗಾಲ ಬರುವ ಮೊದಲು ಗಂಡುಗಳು ಸಾಯುತ್ತವೆ. ಕೂಡಿಕೊಂಡ ಹೆಣ್ಣುಗಳು ಮಕರಂದ ಹೀರಿ ಕೊಬ್ಬು ಕೂಡಿಸಿ, ಗುಹೆಯ ಬಿರುಕಿನಲ್ಲೋ ಗೋಡೆಯ ಸಂದಿನಲ್ಲೋ ಸೇರಿಕೊಂಡು ವಸಂತದವರೆಗೆ ಕಾಯುತ್ತವೆ. ನಡುವೆ ಒಂದು ದಿನ ಬಿಸಿಲು ಚೆನ್ನಾಗಿ ಬಿದ್ದರೆ ಹೊರಬಂದು ಮೈ ಕಾಯಿಸಿಕೊಳ್ಳುತ್ತವೆ. ಇನ್ನು ಕೆಲವು ಹೊರಟೇಬಿಡುತ್ತವೆ. ಫ್ರಾನ್ಸ್ ಮತ್ತು ಸ್ಪೇನಿನ ನಡುವಿನ ಪಿರೆನೀಸ್ ಪರ್ವತದಲ್ಲಿ ಮೂವತ್ತು ಮೀಟರ್ ಅಗಲದ ಒಂದು ಕಣಿವೆಬಾಯಿ ಇದೆ. ಅಲ್ಲಿ ನಿಂತು ನಾಲ್ಕು ಶರತ್ಕಾಲಗಳ ಕಾಲ ಎಣಿಸಿದವರ ಲೆಕ್ಕ 2024ರಲ್ಲಿ ಬಂತು: ವರ್ಷಕ್ಕೆ ಒಂದು ಕೋಟಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಕೀಟಗಳು ಆ ಕಿಂಡಿಯಿಂದ ದಕ್ಷಿಣಕ್ಕೆ ಹೋಗುತ್ತವೆ. ಚಿಟ್ಟೆಗಳಿರಬಹುದೆಂದು ನಾವು ಊಹಿಸುತ್ತೇವೆ. ಬಹುಪಾಲು ನೊಣಗಳು, ಅವುಗಳ ನಡುವೆ ನಾನಾ ಬಗೆಯ ಹೂನೊಣಗಳು. ಪಕ್ಷಿಗಳ ವಲಸೆಗೆ ಕವಿತೆ ಬರೆದವರಾರೂ ನೊಣಗಳ ವಲಸೆಯತ್ತ ತಲೆಯೆತ್ತಿ ನೋಡಲಿಲ್ಲ.

ಭೂಪಟಗಳ ಬಗ್ಗೆ ಒಂದು ಮಾತು. ಪ್ರಭೇದವೊಂದರ ಹರವನ್ನು ತೋರಿಸುವ ಚುಕ್ಕೆಗಳನ್ನು ನೋಡುವಾಗ, ಚುಕ್ಕೆ ಇಲ್ಲದಲ್ಲಿ ನೊಣವಿಲ್ಲ ಎಂದುಕೊಳ್ಳುವುದು ಸುಲಭ. ಎಷ್ಟೋ ಕಡೆ ಇಲ್ಲದಿರುವುದು ನೊಣವಲ್ಲ, ನೋಡುವವರು. ನನ್ನ ಕಡತದಲ್ಲಿದ್ದ ಅಷ್ಟೂ ನೊಣಗಳು ಯಾವ ಭೂಪಟದಲ್ಲೂ ಇರಲಿಲ್ಲ, ಏಕೆಂದರೆ ಅವೆಲ್ಲ ಜೇನುಗಳಾಗಿದ್ದವು.

ಕಳೆದ ವಾರ ಕಡತವನ್ನು ಒಡೆದು ಎರಡು ಮಾಡಿದೆ. ‘ಜೇನು’ ಎಂಬುದರಲ್ಲಿ ನಾಲ್ಕು ರೆಕ್ಕೆಯವು ಉಳಿದವು. ಉಳಿದವುಗಳಿಗೆ ಒಂದೊಂದಾಗಿ ಹೆಸರು ಬರೆಯುತ್ತಾ ಹೋದೆ. ಕೆಲವದರಲ್ಲಿ ಕಣ್ಣಿನ ಎರಡು ಪಟ್ಟೆಗಳು ನಿಚ್ಚಳವಾಗಿದ್ದವು. ಟೆನಾಕ್ಸ್ ಎಂದು ಬರೆದೆ. ಗೆಳೆಯರಿಗೆ ತೋರಿಸಿದ್ದ ಆ ನೆಚ್ಚಿನ ಚಿತ್ರವನ್ನು ಕೊನೆಗೆ ಇಟ್ಟುಕೊಂಡಿದ್ದೆ. ರೆಕ್ಕೆಯ ಜೋಲುನರ ಎಷ್ಟು ಸ್ಪಷ್ಟವೆಂದರೆ ಬೆರಳಿಟ್ಟು ಗೀಚಬಹುದು. ಆದರೆ ತಲೆ ಹೂವಿನೊಳಕ್ಕೆ ಮುಳುಗಿದೆ, ಕಣ್ಣಿನ ಮೇಲೆ ಎಸಳಿನ ನೆರಳು ಬಿದ್ದಿದೆ, ಹಿಂಗಾಲು ಮೈಯ ಆಚೆ ಬದಿಗಿದೆ. ಬೆಳಕು ಏರಿಸಿ, ಇಳಿಸಿ, ಹಿಗ್ಗಿಸಿ ನೋಡಿದೆ. ಹೆಸರಿನ ಜಾಗದಲ್ಲಿ ‘ಎರಿಸ್ಟಾಲಿಸ್’ ಎಂದಷ್ಟೇ ಬರೆದು, ಮುಂದಿನದನ್ನು ಖಾಲಿ ಬಿಟ್ಟೆ.